ಬೀಗಿತ್ತಿಯ ಜೊತೆ ಜಪಾನೀ

ಈಚೆಗೆ ನನಗೊಂದು ರೂಢಿ ಅಂಟಿಕೊಂಡಿದೆ. ಫೋನಿನಲ್ಲಿ ಮಾತಾಡುವಾಗ ತಲೆ ಬಾಗಿಸುತ್ತೇನೆ. ಆ ಕಡೆ ಇರುವವರಿಗೆ ಅದು ಕಾಣುವುದಿಲ್ಲ ಎಂಬುದು ನನಗೂ ಗೊತ್ತು. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದವಳು ನಾನು, ಅಷ್ಟೊಂದು ದಡ್ಡಿಯಲ್ಲ. ಆದರೆ ಕುತ್ತಿಗೆ ಕೇಳಬೇಕಲ್ಲ! ಮೊನ್ನೆ ಗ್ಯಾಸ್ ಬುಕ್ ಮಾಡಲು ಫೋನ್ ಹಚ್ಚಿದ್ದೆ. ಆ ಕಡೆಯಿಂದ ಯಂತ್ರದ ಹೆಂಗಸು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅಂದಳು. ನಾನು ಸೊಂಟದಿಂದಲೇ ಬಾಗಿ "ಹಾಯ್" ಅಂದೆ. ಜಪಾನೀ ಭಾಷೆಯಲ್ಲಿ ಹಾಯ್ ಅಂದರೆ ಹೌದು. ಪೇಪರು ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿ, "ಯಾರದು, ಬಿಇಓ ಸಾಹೇಬ್ರಾ?" ಅಂತ ಕೇಳಿದರು. "ಗ್ಯಾಸಿನಾಕಿ" ಅಂದೆ. ಅವರು ಮತ್ತೆ ಪೇಪರಿನೊಳಗೆ ಮುಳುಗಿದರು.

ನಿಮಗೆ ನಗು ಬರುತ್ತಿರಬಹುದು. ನಗಿ, ನಾನೂ ಬೇಕಾದಷ್ಟು ನಕ್ಕಿದ್ದೇನೆ. ಹಗರಿಬೊಮ್ಮನಹಳ್ಳಿಯಲ್ಲಿ ರಿಟೈರ್ ಆದ ಕನ್ನಡ ಮೇಡಂ ಒಬ್ಬಳು ಊಟ ಮುಗಿಸಿ, ಮಂಚದ ಮೇಲೆ ಕಾಲು ಚಾಚಿ, ಮೆಂತೆಯ ಡಬ್ಬಿಗೆ ಫೋನ್ ಆನಿಸಿಟ್ಟು ಜಪಾನೀ ಕಲಿಯುತ್ತಾಳೆ ಅಂದರೆ ಯಾರಿಗಾದರೂ ತಮಾಷೆಯೇ. ಕೇಳಿದವರೆಲ್ಲ ಮೊದಲು ಕೇಳುವುದು, ಮಗ ಜಪಾನಿನಲ್ಲಿದ್ದಾನೇನು ಅಂತ. ಇಲ್ಲಪ್ಪ. ನನ್ನ ಮಗ ಇಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಜಪಾನು ಹಾಗಿರಲಿ, ಹೊಸಪೇಟೆಗೆ ಹೋಗಿ ಬಾ ಅಂದರೂ ಹಿಂದಿನ ದಿನದಿಂದ ಗೊಣಗುವ ಪೈಕಿ ಅವನು.

ಇದೆಲ್ಲ ಶುರುವಾದದ್ದು ನನ್ನ ಮೊಣಕಾಲಿನಿಂದ. ಮೊಣಕಾಲಿಗೆ ಏನು ವ್ಯಾಯಾಮ ಮಾಡಬೇಕು ಅಂತ ಫೋನಿನಲ್ಲಿ ಹುಡುಕಿದೆ. ಅದು ಒಬ್ಬ ಜಪಾನೀ ಅಜ್ಜಿಯನ್ನು ತೋರಿಸಿತು. ಅಜ್ಜಿ ಕುರ್ಚಿ ಹಿಡಿದು ಏಳುತ್ತಾಳೆ, ಕೂರುತ್ತಾಳೆ, ನಗುತ್ತಾಳೆ. ನಾನು ಒಂದೆರಡು ಸಲ ಎದ್ದು ಕೂತು, ಸಾಕು ನಾಳೆ ಮಾಡಿದರಾಯಿತು ಅಂತ ಮಲಗಿಬಿಟ್ಟೆ. ಫೋನು ಎದೆಯ ಮೇಲೆಯೇ ಇತ್ತು. ಅದರ ಪಾಡಿಗೆ ಅದು ಒಂದಾದ ಮೇಲೊಂದು ವಿಡಿಯೊ ಹಾಕಿಕೊಂಡು ಹೋಗಿದೆ. ಅರೆ ಎಚ್ಚರವಾದಾಗ ಯಾರೋ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು, ಜೊತೆಗೆ ಕಾಯಿಪಲ್ಲೆ ಹೆಚ್ಚುವ ಸದ್ದು. ಕಣ್ಣು ತೆರೆಯದೆಯೇ, ನಮ್ಮವ್ವ ಪಡಸಾಲೆಯಲ್ಲಿ ಕೂತು ಯಾರ ಜೊತೆಗೋ ಮಾತಾಡುತ್ತ ಬದನೆಕಾಯಿ ಹೆಚ್ಚುತ್ತಿದ್ದಾಳೆ ಅಂದುಕೊಂಡೆ. ಅವ್ವ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಆ ಗಳಿಗೆಯಲ್ಲಿ ಅವಳಿದ್ದಳು, ನಾನು ಕೊಟ್ಟೂರಿನ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ.

ಚಿಕ್ಕಂದಿನಲ್ಲಿ ನಿಮಗೂ ಹೀಗಾಗಿರಬೇಕು. ಮಧ್ಯಾಹ್ನ ನಿದ್ದೆಯ ಅಂಚಿನಲ್ಲಿರುವಾಗ ದೊಡ್ಡವರ ಮಾತು ಕಿವಿಗೆ ಬೀಳುತ್ತಿರುತ್ತದೆ. ಯಾರದೋ ಮದುವೆ, ಯಾರದೋ ಜ್ವರ. ಒಂದು ಮಾತೂ ಅರ್ಥವಾಗುವುದಿಲ್ಲ, ಅರ್ಥವಾಗಬೇಕು ಅಂತಲೂ ಇಲ್ಲ. ಮಾತು ನಡೆದಿದೆ ಅಂದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂತ ಲೆಕ್ಕ. ಆ ನೆಮ್ಮದಿ ನನಗೆ ಅರವತ್ತು ದಾಟಿದ ಮೇಲೆ ಮತ್ತೆ ಸಿಕ್ಕಿತು, ಅದೂ ಜಪಾನಿನಿಂದ.

ಕಣ್ಣು ತೆರೆದರೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ತನ್ನ ಅಡುಗೆಮನೆಯಲ್ಲಿ ನಿಂತು ಮೂಲಂಗಿ ಹೆಚ್ಚುತ್ತಿದ್ದಾಳೆ. ಹಿಂದೆ ಕಿಟಕಿ, ಕಿಟಕಿಯ ಆಚೆ ಜಿಟಿಜಿಟಿ ಮಳೆ. ಅವಳೇನೂ ಮೇಷ್ಟರ ಥರ ಕೈಯಲ್ಲಿ ಕೋಲು ಹಿಡಿದಿರಲಿಲ್ಲ. ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ, ನಡುವೆ ಕೆಮ್ಮುತ್ತ ಭಾಷೆ ಹೇಳಿಕೊಡುವವಳು. ಅವಳು ಹೇಳಿದ್ದೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳಿಗೊಂದು ಹೆಸರಿತ್ತು, ಆದರೆ ನಾನು ಜಪಾನಕ್ಕ ಅಂತಲೇ ಕರೆಯತೊಡಗಿದೆ. ಆವತ್ತು ಜಪಾನಕ್ಕ ಹೇಳುತ್ತಿದ್ದದ್ದು ಇಷ್ಟು: ನಮ್ಮಲ್ಲಿ ಮಾತು ಎರಡು ಥರ. ಗೆಳತಿಯ ಜೊತೆ ಆಡುವಾಗ ಮಾತಿಗೆ ಬಾಲ ಇರುವುದಿಲ್ಲ. ಹಿರಿಯರ ಜೊತೆ, ಹೊಸಬರ ಜೊತೆ ಆಡುವಾಗ ಬಾಲ ಕಟ್ಟಿ ಆಡಬೇಕು.

ನಾನು ಎದ್ದು ಕೂತೆ. ಅಯ್ಯೋ ಶಿವನೇ, ಇದು ನಮ್ಮದೇ ಅಲ್ಲವೇ! ನಮ್ಮ ಕಡೆ ಮಾತಿನ ತುದಿಗೆ "ರಿ" ಹಚ್ಚದಿದ್ದರೆ ಬಸ್ಸಿನಲ್ಲಿ ಟಿಕೆಟು ಕೂಡ ಹುಟ್ಟುವುದಿಲ್ಲ. ಬರ್ರಿ, ಕುಂದರ್ರಿ, ಹೌದ್ರಿ, ಇಲ್ರಿ. ಗೆಳೆತನವಾಯಿತೋ, ರಿ ಉದುರಿ ಲೇ ಬರುತ್ತದೆ. ನನ್ನ ನಾಲಿಗೆಗೆ ಈ ಅಭ್ಯಾಸ ಎಷ್ಟು ಬಿಗಿಯಾಗಿ ಕೂತಿದೆಯೆಂದರೆ, ಜಪಾನಕ್ಕ ಅರಿಗಾತೋ ಅಂದರೆ ಥ್ಯಾಂಕ್ಸ್ ಅಂತ ಹೇಳಿಕೊಟ್ಟ ಕೂಡಲೇ ನಾನು "ಅರಿಗಾತೋರಿ" ಅಂದೆ. ಬಹಳ ದಿನ ಹಾಗೇ ಅನ್ನುತ್ತಿದ್ದೆ. ಈಗಲೂ ಅವಸರದಲ್ಲಿದ್ದರೆ ಹಾಗೇ ಬರುತ್ತದೆ.

ನಮ್ಮ ಅಜ್ಜಿಯ ವಿಷಯ ಹೇಳಬೇಕು. ಅವಳು ಮೈಲಾರಲಿಂಗನ ಒಕ್ಕಲು. ಊರಿನಲ್ಲಿ ಯಾರು ಎದುರಾದರೂ ಸೆರಗು ಹೊದ್ದು ರಿ ಹಚ್ಚಿ ಮಾತಾಡುವವಳು. ಶಾನುಭೋಗರಿಗೆ ರಿ, ಬಳೆಗಾರನಿಗೆ ರಿ, ತನ್ನ ಸ್ವಂತ ಅಳಿಯನಿಗೂ ರಿ. ಆದರೆ ದೇವರ ಜಗುಲಿಯ ಮುಂದೆ ಕೂತರೆ ಬೇರೆಯೇ ಹೆಂಗಸು. "ಏನೋ ಮೈಲಾರಪ್ಪ, ಕಣ್ಣು ಕಾಣಂಗಿಲ್ಲೇನೋ ನಿನಗ? ಎಮ್ಮಿ ಗಬ್ಬ ನಿಲ್ಲವಲ್ದು, ಏನ್ ಮಾಡಾಕತ್ತೀಯೋ ಅಲ್ಲಿ ಕುಂತು?" ಅಂತ ಗದರುತ್ತಿದ್ದಳು. ನಾನು ಹೆದರಿ, ದೇವರಿಗೆ ಸಿಟ್ಟು ಬರುವುದಿಲ್ಲವೇನಜ್ಜಿ ಅಂತ ಕೇಳಿದರೆ, "ಅವಗ ರಿ ಅಂದ್ರ ಸಿಟ್ಟು ಬರ್ತೈತಿ, ಹೊರಗಿನವರಂಗ ಮಾಡ್ತಾಳಂತ" ಅನ್ನುತ್ತಿದ್ದಳು. ಆಗ ಆ ಮಾತಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ಬಾಲದ ಮಾತನ್ನು ಮೊದಲು ಕಷ್ಟಪಟ್ಟು ಕಲಿತದ್ದು ಮದುವೆಯಾದ ಹೊಸದರಲ್ಲಿ. ನಮ್ಮ ಅತ್ತೆಯವರು ಹರಪನಹಳ್ಳಿಯವರು. ಅವರ ಮಾತು ದಾವಣಗೆರೆಯ ಕಡೆ ವಾಲಿದ ನಯದ ಮಾತು. ನಾನು "ಎಷ್ಟ್ ರೊಟ್ಟಿ ಬಡೀಲ್ರಿ?" ಅಂದರೆ, "ಅದೇನಮ್ಮ ನಿಮ್ಮ ಕೊಟ್ಟೂರು ಮಾತು, ಗಾಜಿಗೆ ಕಲ್ಲು ಬಿದ್ದಂಗೆ!" ಅನ್ನುತ್ತಿದ್ದರು. ಬೆದರಿ ಎರಡು ವರ್ಷ ಬಾಯಿಗೆ ತುಪ್ಪ ಹಚ್ಚಿಕೊಂಡವಳ ಹಾಗೆ ಮಾತಾಡಿದೆ. ತವರಿಗೆ ಹೋದಾಗ ನನ್ನ ಗೆಳತಿ ನೀಲಿ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನಾತಲೇ ಗಿರ್ಜಿ ನಿನಗ? ನಾಲಿಗಿಗಿ ಪೋಲಿಯೋ ಬಡದೈತೇನು?" ಅಂದಳು. ಅವಳ ಮುಂದೆ ಒಂದು ತಾಸು ಕೂತರೆ ಸಾಕು, ನನ್ನ ಮಾತು ಮರಳಿ ನನ್ನ ಬಾಯಿಗೆ ಬರುತ್ತಿತ್ತು.

ನೀಲಿಯ ಹೆಸರು ಬಂತಲ್ಲ, ಇನ್ನು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಹೇಳಬೇಕಾದದ್ದೇ ಅವಳ ವಿಷಯ, ಇಷ್ಟು ಹೊತ್ತು ಅತ್ತಿತ್ತ ತಿರುಗುತ್ತಿದ್ದೆ.

ಕೊಟ್ಟೂರಿನ ಒಂದೇ ಓಣಿಯಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ಗಿರಿಜಾ ಎಂಬ ನನ್ನ ಹೆಸರನ್ನು ಗಿರ್ಜಿ ಮಾಡಿದವಳು ಅವಳು. ನೀಲಮ್ಮನನ್ನು ನೀಲಿ ಮಾಡಿದವಳು ನಾನು. ಅವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು, ನಾನು ಓದಿ ಮೇಡಂ ಆದೆ. ಅವಳ ಗಂಡ ಬೇಗ ತೀರಿಕೊಂಡ. ಕಡಕ್ ರೊಟ್ಟಿ ಬಡಿದು ಮಾರಿ ಒಬ್ಬಳೇ ಮಗಳು ಸುಮಾಳನ್ನು ಬೆಳೆಸಿದಳು. ನಾನು ಮೇಡಂ ಆದೆ ಅಂತ ಅವಳೇನೂ ಹೆಚ್ಚಿನ ಮರ್ಯಾದೆ ಕೊಡಲಿಲ್ಲ. ನನ್ನನ್ನು ಬೈಯುವ ಹಕ್ಕು ಪಡೆದುಕೊಂಡು ಬಂದವಳ ಹಾಗಿದ್ದಳು. ಹೊಸ ಸೀರೆ ಉಟ್ಟು ಹೋದರೆ "ಕಿಟಕಿ ಪರದೆ ಸುತ್ಕೊಂಡು ಬಂದಿಯೇನಲೇ?" ಗಂಡನ ಮೇಲೆ ದೂರು ಹೇಳಿದರೆ "ನಿನ್ನಂಥಾಕಿನ ಕಟ್ಕೊಂಡು ಬಾಳೇವು ಮಾಡಾಕತ್ತಾನಲ್ಲ, ಅವನ ದೊಡ್ಡವ." ಲೋಕವೆಲ್ಲ ನನಗೆ ಮೇಡಂ ಮೇಡಂ ಅನ್ನುತ್ತಿರುವಾಗ, ಬೈಯುವವಳು ಒಬ್ಬಳಿದ್ದಾಳೆ ಎಂಬುದೇ ನನಗೆ ದೊಡ್ಡ ಧೈರ್ಯವಾಗಿತ್ತು.

ಆಮೇಲೆ ನನ್ನ ಮಗ ಸುಮಾಳನ್ನೇ ಮದುವೆಯಾಗುತ್ತೇನೆ ಅಂದ. ನನಗೆ ಸ್ವರ್ಗ ಮೂರೇ ಗೇಣು. ಗೆಳತಿಯ ಮಗಳು ನನ್ನ ಮನೆಗೆ, ಇನ್ನು ನಾವಿಬ್ಬರೂ ಬೇಕಾದಾಗ ಕೂಡಬಹುದು, ಹರಟಬಹುದು! ನಿಶ್ಚಯದ ದಿನ ನೀಲಿಯ ಮನೆಗೆ ಹೋದೆವು. ಅವಳು ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ತಲೆಯ ಮೇಲೆ ಸೆರಗು ಹೊದ್ದು, "ಬರ್ರಿ ಬೀಗರ, ಒಳಗ ಬರ್ರಿ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಾನು ಗಟ್ಟಿಯಾಗಿ ನಕ್ಕೆ. ಅವಳು ನಗಲಿಲ್ಲ. ಅವತ್ತಿನಿಂದ ನನಗೆ ನೀಲಿ ಸಿಗಲಿಲ್ಲ, ಬರೀ ಬೀಗಿತ್ತಿ ಸಿಕ್ಕಳು.

ನಮ್ಮ ಕಡೆಯ ಕ್ರಮ ನಿಮಗೂ ಗೊತ್ತಲ್ಲ. ಹೆಣ್ಣು ಕೊಟ್ಟವರು ಕೈ ಕೆಳಗೆ, ತಂದವರು ಮೇಲೆ. ನಾನು ಹೋದರೆ ನೀಲಿ ನನಗೆ ಕುರ್ಚಿ ಹಾಕಿ ತಾನು ನೆಲದ ಮೇಲೆ ಕೂರುತ್ತಾಳೆ. ಏನು ಕೇಳಿದರೂ ಹೌದ್ರಿ, ಆಗ್ಲಿರಿ. ರೊಟ್ಟಿ ಬಡಿಯಲು ಅವಳ ಜೊತೆ ಹುಸೇನಬಿ ಅಂತ ಒಬ್ಬಳು ಬರುತ್ತಾಳೆ. "ಲೇ ಹುಸೇನಿ, ಹಂಚು ಕಾದೈತಿ ನೋಡಲೇ" ಅಂತ ನನ್ನೆದುರೇ ಅವಳಿಗೆ ಅನ್ನುತ್ತಾಳೆ. ಅನ್ನಿಸಿಕೊಂಡ ಹುಸೇನಬಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಮ್ಮೆ ಪರೀಕ್ಷೆ ಮಾಡಿಯೇಬಿಡೋಣ ಅಂತ, ಅಂಗಡಿಯವನೇ ಮಾರಲು ನಾಚುತ್ತಿದ್ದ ಒಂದು ಸೀರೆ ತಂದೆ. ಗಿಳಿಹಸಿರು ಮೈ, ಕೇಸರಿ ಅಂಚು, ಮೈತುಂಬ ಮಿಣಿಮಿಣಿ ಚುಕ್ಕಿ. ಉಟ್ಟುಕೊಂಡು ಕೊಟ್ಟೂರಿಗೆ ಹೋದೆ. ಬಸ್ಸಿನಲ್ಲಿ ಒಂದು ಕೂಸು ನನ್ನನ್ನು ನೋಡಿ ಅತ್ತೇಬಿಟ್ಟಿತು. ನೀಲಿ ಬಾಗಿಲು ತೆರೆದಳು. ಸೀರೆ ನೋಡಿದಳು. ಅವಳ ತುಟಿ ಒಂದು ಸಲ ನಡುಗಿದ್ದನ್ನು ನಾನು ಕಂಡೆ. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಅಂತ ಕಾದೆ. "ಬಾಳ ಚಂದ ಐತ್ರಿ ಬೀಗರ, ನಿಮಗ ಒಪ್ಪತೈತಿ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಆ ಸೀರೆಯ ಸೆರಗು ಚುಚ್ಚುತ್ತಿತ್ತು ಬೇರೆ.

ಅವಳಿಗೆ ಯಾಕಿಷ್ಟು ಹೆದರಿಕೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಅವಳಿಗಿರುವ ಒಬ್ಬಳೇ ಮಗಳು ನನ್ನ ಮನೆಯಲ್ಲಿದ್ದಾಳೆ. ತಾನು ಒಂದು ಮಾತು ಹೆಚ್ಚು ಆಡಿದರೆ ಅದು ಎಲ್ಲಿ ಮಗಳ ತಲೆಯ ಮೇಲೆ ಬೀಳುತ್ತದೋ ಅಂತ. ನಾನು ಅಂಥವಳಲ್ಲ ಅಂತ ಅವಳಿಗೆ ಗೊತ್ತು. ಆದರೆ ಗೊತ್ತಿರುವುದೇ ಬೇರೆ, ಹೆದರಿಕೆಯೇ ಬೇರೆ. ಹಾಗಂತ ಬಾಯಿ ಬಿಟ್ಟು ಕೇಳಿದರೆ "ಅಯ್ಯ, ಎಂಥಾ ಮಾತ್ರಿ" ಅಂದುಬಿಡುತ್ತಾಳೆ. ಕೇಳಿ ಪಡೆಯುವ ವಸ್ತುವಲ್ಲವಲ್ಲ ಬೈಗುಳ.

ಈಗ ಜಪಾನಕ್ಕನ ಅಡುಗೆಮನೆಗೆ ಮರಳೋಣ. ಒಂದು ಮಧ್ಯಾಹ್ನ ಅವಳು ತನ್ನ ಗೆಳತಿಯೊಬ್ಬಳನ್ನು ಕೂರಿಸಿಕೊಂಡು, ಬಾಲವಿಲ್ಲದ ಮಾತು ಹೇಗಿರುತ್ತದೆ ಅಂತ ಆಡಿ ತೋರಿಸಿದಳು. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು, ತುಂಡು ತುಂಡು ಮಾತಿನಲ್ಲಿ ಜಗಳಾಡಿ, ಒಂದೇ ಬಟ್ಟಲಿನಿಂದ ಏನನ್ನೋ ತಿಂದು ನಕ್ಕರು. ನನಗೆ ಮಂಪರು. ಆ ಕಿಟಕಿಯ ಮಳೆ ನಮ್ಮ ಅಂಗಳದ ಬಿಸಿಲಿನಲ್ಲಿ ಬೀಳುತ್ತಿರುವ ಹಾಗೆ, ಬಟ್ಟಲಿನ ಮುಂದೆ ಕೂತವರು ನಾನೂ ನೀಲಿಯೂ ಆಗಿರುವ ಹಾಗೆ ಕಂಡಿತು. ಆಗ ಹೊಳೆಯಿತು. ಕನ್ನಡದಲ್ಲಿ ನೀಲಿ ನನಗೆ ಬೀಗಿತ್ತಿ. ಜಪಾನಿನಲ್ಲಿ ಅವಳು ನನಗೆ ಏನೂ ಅಲ್ಲ. ಅಲ್ಲಿ ಯಾವ ಹಿರಿಯರೂ ಕೂತು ನಿಶ್ಚಯ ಮಾಡಿಲ್ಲ. ಅವಳಿಗೆ ಈ ಭಾಷೆ ಕಲಿಸಿದರೆ, ಯಾರಿಗೂ ತಿಳಿಯದ ಹಾಗೆ ಅವಳು ನನ್ನನ್ನು ಬೈಯಬಹುದು!

ಸಂಜೆಯೇ ಫೋನು ಹಚ್ಚಿದೆ.

"ನೀಲಿ, ಜಪಾನೀ ಮಾತು ಕಲಿಯಾಕತ್ತೀನಿ. ನೀನೂ ಕಲೀತಿಯೇನು? ನಾನ ಹೇಳ್ಕೊಡ್ತೀನಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ ಬೀಗರ."

ಹೀಗೆ ನಮ್ಮ ಶಾಲೆ ಶುರುವಾಯಿತು. ಮಧ್ಯಾಹ್ನ ನಾನು ಅವಳಿಗೆ ವಿಡಿಯೊ ಕಳಿಸುವುದು, ಆಮೇಲೆ ಫೋನು ಹಚ್ಚಿ ಅರ್ಥ ಹೇಳುವುದು. ಇಂಗ್ಲಿಷ್ ಓದಲು ಬಾರದಿದ್ದರೂ ಅವಳ ಕಿವಿ ಚುರುಕು. ಜಪಾನಕ್ಕ ಎಲ್ಲಿ ದನಿ ಏರಿಸುತ್ತಾಳೋ ಅಲ್ಲಿ ಏರಿಸುತ್ತಿದ್ದಳು, ಇಳಿಸುವಲ್ಲಿ ಇಳಿಸುತ್ತಿದ್ದಳು. ನಾನು ಅಂದರೆ ಪಾಠ ಓದಿದ ಹಾಗೆ ಕೇಳುತ್ತದೆ, ಅವಳು ಅಂದರೆ ಯಾರೋ ನಿಜವಾಗಿ ಮಾತಾಡಿದ ಹಾಗೆ. ಗೆಳೆತನದ ಮಾತಿನಲ್ಲಿ ಹೌದು ಅನ್ನಲು ಉನ್ ಅಂದರೆ ಸಾಕು ಅಂತ ಹೇಳಿಕೊಟ್ಟೆ. "ನಮ್ಮ ಹ್ಞೂಂ ಇದ್ದಂಗ ಐತಲ್ರಿ! ಇದಕ್ಯಾಕ ಜಪಾನಿಗಿ ಹೋಗಬೇಕಿತ್ತು?" ಅಂದಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ನಗು ಕೇಳಿತು. ನಾನು ಮಂಚದ ಮೇಲೆ ಒಬ್ಬಳೇ ಕೂತು ಹಿಗ್ಗಿದೆ.

ಆದರೆ ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಊಟವಾಯಿತಾ ಅಂತ ಕೇಳುವುದನ್ನು ಎರಡೂ ಥರ ಹೇಳಿಕೊಟ್ಟೆ. ತಬೇತಾ ಅಂದರೆ ಗೆಳತಿಗೆ, ತಬೇಮಾಶ್ತಾ ಕಾ ಅಂದರೆ ದೊಡ್ಡವರಿಗೆ.

"ದೊಡ್ಡೋರಿಗಿ ಅನ್ನೋದನ್ನ ಇನ್ನೊಮ್ಮಿ ಹೇಳ್ರಿ, ಬಾಯಿಪಾಠ ಮಾಡ್ತೀನಿ" ಅಂದಳು.

"ಅದು ಬ್ಯಾಡ. ಗೆಳತಿಗಿ ಅನ್ನೋದು ಕಲಿ."

"ಅದನ್ನ ಹುಸೇನಬಿಗಿ ಅಂತೀನಿ ಬಿಡ್ರಿ. ಲೇ ಹುಸೇನಿ, ತಬೇತಾ?"

ಹುಸೇನಬಿ ಏನು ಉತ್ತರ ಕೊಟ್ಟಳೋ, ಇಬ್ಬರೂ ನಕ್ಕದ್ದು ಕೇಳಿಸಿತು. ನನಗೆ ಮಾತ್ರ ಬಾಲದ ಮಾತೇ ಗತಿಯಾಯಿತು. ಆದರೂ ನಾನು ಬಿಡಲಿಲ್ಲ. ಇವತ್ತಲ್ಲ ನಾಳೆ ಒಂದು ಬಾಲ ತಾನಾಗಿ ಉದುರೀತು ಅಂತ ಮಧ್ಯಾಹ್ನ ಮಧ್ಯಾಹ್ನ ಫೋನು ಹಚ್ಚುತ್ತಲೇ ಇದ್ದೆ. ಆ ದಿನಗಳು ಒಂಥರಾ ಕನಸಿನಲ್ಲೇ ಸಾಗಿದವು. ಫೋನಿನ ಒಂದು ಕಡೆ ಜಪಾನಿನ ಮಳೆ, ಇನ್ನೊಂದು ಕಡೆ ಕೊಟ್ಟೂರಿನ ಹಂಚಿನ ಬಿಸಿ, ನಡುವೆ ಹಗರಿಬೊಮ್ಮನಹಳ್ಳಿಯ ಮಂಚದ ಮೇಲೆ ನಾನು. ಮೂವರು ಹೆಂಗಸರು ಒಂದೇ ಕಟ್ಟೆಯ ಮೇಲೆ ಕೂತಿದ್ದೇವೆ ಅನ್ನಿಸುತ್ತಿತ್ತು.

ಒಂದು ದಿನ ನನ್ನ ಸೊಸೆ ಸುಮಾ ಚಹಾ ತಂದುಕೊಟ್ಟು, ಹೋಗದೆ ಅಲ್ಲೇ ನಿಂತಳು. ಬೆರಳಿಗೆ ಸೆರಗಿನ ತುದಿ ಸುತ್ತುತ್ತಿದ್ದಳು.

"ಅತ್ತಿ, ಒಂದ ಮಾತು. ಸಿಟ್ಟಾಗಬಾರ್ದ್ರಿ."

"ಹೇಳವ್ವ."

"ನಮ್ಮವ್ವ ನಸಿಕಿನ್ಯಾಗ ಏಳ್ತಾಳ. ಮಧ್ಯಾಹ್ನ ಒಂದೀಟು ಅಡ್ಡಾಗ್ತಿದ್ಲು. ಈಗ ನಿಮ್ಮ ಫೋನ್ ಬರ್ತೈತಂತ ಮಲಗದ ಕುಂತಿರ್ತಾಳ. ಬ್ಯಾಡಾದ್ರ ಬ್ಯಾಡ ಅನ್ನಬೇ ಅಂದೆ. 'ನಿಮ್ಮತ್ತಿ ಹೇಳ್ಯಾರ, ಹ್ಯಾಂಗ ಇಲ್ಲ ಅನ್ಲಿ? ನಾಳಿ ನಿನಗ ಏನರ ಅಂದ್ರ?' ಅಂತಾಳ್ರಿ."

ಅಂದವಳೇ ಹೆದರಿ ಒಳಗೆ ಹೋದಳು. ಚಹಾ ಆರಿ ಕೆನೆಗಟ್ಟಿತು. ಯಾವ ಹೆದರಿಕೆಯಿಂದ ಅವಳನ್ನು ಬಿಡಿಸಬೇಕು ಅಂದುಕೊಂಡಿದ್ದೆನೋ ಅದನ್ನೇ ದಿನಾ ಮಧ್ಯಾಹ್ನ ಅವಳ ಮನೆಗೆ ಕಳಿಸುತ್ತಿದ್ದೆ. ನನ್ನ ಆಟ ಅವಳಿಗೆ ಗಂಡಿನ ತಾಯಿಯ ಅಪ್ಪಣೆಯಾಗಿತ್ತು. ಅವಳ ಹಾಯ್ ಕೂಡ ಅದೇ ಹಳೆಯ ಹೌದ್ರಿ. ಎಂಥ ಹುಚ್ಚಿ ನಾನು! ಸಂಕಟವಾಯಿತು. ಫೋನಿನಲ್ಲಿ ಹೇಳಿದರೆ ಸಿಟ್ಟಾಗಿದ್ದೇನೆ ಅಂದುಕೊಂಡಾಳು, ಹೋಗಿಯೇ ಹೇಳಬೇಕು ಅಂತ ಮರುದಿನ ಕೊಟ್ಟೂರಿನ ರೈಲು ಹತ್ತಿದೆ.

ಆ ರೈಲಿಗೆ ಯಾವ ಅವಸರವೂ ಇರುವುದಿಲ್ಲ. ಎರೆಹೊಲ, ಮೆಕ್ಕೆಜೋಳ, ನಡುನಡುವೆ ಬೇಲಿಯ ಜಾಲಿ. ತೂಕಡಿಕೆ ಬಂತು. ಕನಸಿನಲ್ಲಿ ಜಪಾನಕ್ಕ ಕಂಕುಳಲ್ಲಿ ಮೂಲಂಗಿಯ ಕಟ್ಟು ಹಿಡಿದು ನಮ್ಮ ಡಬ್ಬಿ ಹತ್ತಿದಳು. "ಒಂದೀಟು ಸರೀರಿ" ಅಂದಳು. ಜಪಾನಿನವಳು ಇಷ್ಟು ಚಂದ ನಮ್ಮ ಮಾತು ಎಲ್ಲಿ ಕಲಿತಳು ಅಂತ ನನಗೆ ಆಶ್ಚರ್ಯವಾಗಲೇ ಇಲ್ಲ. ಸರಿದು ಜಾಗ ಕೊಟ್ಟೆ. "ಎಲ್ಲಿಗಿ ಹೊಂಟೀರಿ?" ಅಂದಳು. ನನ್ನ ಗೆಳತಿಯ ಮನೆಗೆ ಅನ್ನಬೇಕೋ, ಬೀಗರ ಮನೆಗೆ ಅನ್ನಬೇಕೋ ತಿಳಿಯದೆ ಬಾಯಿ ಕಟ್ಟಿತು. ಅಷ್ಟರಲ್ಲಿ ಯಾರೋ ಕೊಟ್ಟೂರು ಬಂತು ಅಂತ ಎಬ್ಬಿಸಿದರು.

ನೀಲಿಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ನನ್ನನ್ನು ಕಂಡು ದಡಬಡಿಸಿ ಎದ್ದಳು. ಕುರ್ಚಿ ಬಂತು, ನೀರು ಬಂತು. "ಹೇಳಿ ಕಳಿಸಿದ್ರ ಹೋಳಿಗಿ ಮಾಡ್ತಿದ್ನೆಲ್ರಿ ಬೀಗರ" ಅಂದಳು. ಹುಸೇನಬಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ನನಗೆ ಸಲಾಮು ಮಾಡಿದಳು. ನಾನು ಕುರ್ಚಿಯ ತುದಿಯಲ್ಲಿ ಕೂತು, ರೈಲಿನಲ್ಲಿ ಹೊಂದಿಸಿಕೊಂಡಿದ್ದ ಮಾತನ್ನು ಹೇಳಿದೆ.

"ನೀಲಿ, ಇನ್ನ ಆ ಜಪಾನೀ ಸಾಕು. ನಿನಗ ತ್ರಾಸ ಕೊಟ್ಟೆ. ನಾಳಿಂದ ಫೋನ್ ಮಾಡಂಗಿಲ್ಲ, ಮಧ್ಯಾಹ್ನ ನೀನು ಮಲಕ್ಕೋ."

ಅವಳಿಗೆ ಹಾಯೆನಿಸೀತು ಅಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಮೆತ್ತಗೆ ಪರಾತದಲ್ಲಿಟ್ಟಳು.

"ಯಾಕ್ರಿ?"

"ಸುಮ್ನ. ನಿನಗೂ ಕೆಲಸ ಬಾಳ."

"ಸುಮಿ ಏನರ ಅಂದ್ಲೇನ್ರಿ?"

ನಾನು ನೀರಿನ ಲೋಟ ಎತ್ತಿಕೊಂಡೆ. ನೀಲಿ ಎದ್ದು ನಿಂತಳು.

"ಹೌದು, ಮೊದಲ ಮೊದಲ ಹೆದರಿ ಕಲ್ತೆ. ಗಂಡಿನ ತಾಯಿ ಹೇಳಿದ ಮ್ಯಾಲೆ ಒಲ್ಲೆ ಅನ್ನಾಕ ಬರ್ತೈತೇನು? ನಿದ್ದಿ ಬಿಟ್ಟು ಕಲ್ತೆ. ಹಿಟ್ಟಿನ ಕೈಲೆ ಫೋನ್ ಹಿಡದು ಕಲ್ತೆ. ಈಗ ಒಂದೀಟು ಬಾಯಿಗಿ ಬರಾಕತ್ತೈತಿ. ಆ ಜಪಾನಕ್ಕ ಏನಂತಾಳ ನನಗ ತಿಳಿಯಾಕತ್ತೈತಿ. ನೀವು ಕಳಿಸದಿದ್ರೂ ನಾನ ಹಚ್ಕೊಂಡು ನೋಡ್ತೀನಿ, ನನಗೂ ಒಂದು ಆಸಿ ಆಗೈತಿ. ಈಗ ಬಂದು ಸಾಕು ಅಂತೀರಿ?" ದನಿ ಏರುತ್ತಲೇ ಹೋಯಿತು. "ಸಣ್ಣಾಕಿ ಇದ್ದಾಗ್ಲೂ ನಿಂದು ಇದ ಚಾಳಿ ಲೇ ಗಿರ್ಜಿ! ಕುಂಟಾಬಿಲ್ಲಿ ಆಡಾಕ ಬಾ ಬಾ ಅಂತ ನೀನ ಕರಿಯಾಕಿ. ನಿನ್ನ ಪಾಳಿ ಮುಗಿಸಿ, ನನ್ನ ಪಾಳಿ ಬರೋದ್ರಾಗ ಅವ್ವ ಕರೀತಾಳಂತ ಮನಿಗಿ ಓಡಾಕಿ! ಬಿಲ್ಲಿ ಕೈಯಾಗ ಹಿಡ್ಕೊಂಡು ಒಬ್ಬಾಕಿನ ನಿಂತಿರ್ತಿದ್ದೆ ನಾನು, ಹುಚ್ಚಿ ಹಂಗ!"

ಹುಸೇನಬಿಯ ಕೈ ಹಂಚಿನ ಮೇಲೆಯೇ ನಿಂತಿತು. ನೀಲಿಗೆ ತಾನು ಏನಂದೆ ಎಂಬುದು ಆಗ ಕೇಳಿಸಿರಬೇಕು. ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು. ಸೆರಗು ತಲೆಯ ಮೇಲೆ ಹೊದ್ದಳು.

"ತಪ್ಪಾತ್ರಿ ಬೀಗರ. ಬಾಯಿ ಜಾರ್ತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಸುಮಿ ಮ್ಯಾಲೆ..."

ಇರಲಿ ಬಿಡು, ಪರವಾಗಿಲ್ಲ ಅಂತ ನಾನು ಅಂದುಬಿಟ್ಟರೆ ಅದು ಬೀಗಿತ್ತಿ ದೊಡ್ಡ ಮನಸ್ಸು ಮಾಡಿದ ಹಾಗಾಗುತ್ತದೆ. ನೀಲಿ ಇನ್ನು ಈ ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ನನಗೆ ಬೇರೆ ದಾರಿ ಕಾಣಲಿಲ್ಲ. ಕುರ್ಚಿಯಿಂದ ಇಳಿದು, ನೋಯುವ ಮೊಣಕಾಲು ಮಡಚಿ, ಹಿಟ್ಟು ಚೆಲ್ಲಿದ್ದ ನೆಲದ ಮೇಲೆ ಕೂತೆ.

"ಯಾರಲೇ ಓಡ್ತಿದ್ದಾಕಿ?" ಅಂದೆ. "ಗೆರಿ ತುಳಿದ್ರೂ ತುಳಿದಿಲ್ಲಂತ ದೇವರ ಮ್ಯಾಲೆ ಆಣಿ ಮಾಡಾಕಿ ನೀನು! ಕಳ್ಳಾಟ ಆಡೋರ ಸಂಗಾಟ ಯಾರು ಆಡ್ತಾರ?"

ನೀಲಿ ಕಣ್ಣು ಪಿಳಿಪಿಳಿ ಮಾಡಿದಳು. ನಾನು ಕಣ್ಣು ಕೆಳಗಿಳಿಸಲಿಲ್ಲ. ಅವಳು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು.

"ನಾ ಯಾವಾಗ ತುಳಿದಿನಿ?" ಅಂದಳು, ಮೆಲ್ಲಗೆ.

"ಯಾವಾಗ ತುಳಿದಿಲ್ಲ ಕೇಳು. ಆನಿ ಪಾದ ನಿಂದು."

"ಯಾರ ಪಾದಲೇ ಆನಿ ಪಾದ? ನಿನ್ನ ಪಾದ ನೋಡ್ಕೋ! ಆವತ್ತ ಆ ಗಿಳಿ ಸೀರಿ ಉಟ್ಕೊಂಡು ಬಾಗಿಲದಾಗ ನಿಂತಿದ್ದಿ, ಬಯಲಾಟದಾಗಿನ ರಾಕ್ಷಸ ಬಂದಾನ ಅಂದ್ಕೊಂಡೆ ನಾನು! ನಗು ತಡಕೊಂಡು ತಡಕೊಂಡು ಹೊಟ್ಟಿ ಕಡದು, ನೀ ಹೋದಮ್ಯಾಲೆ ಹಿತ್ತಲದಾಗ ಕುಂತು ಅತ್ತೀನಿ, ಗೊತ್ತೈತೇನು ನಿನಗ?"

"ಯಾ ಅಲ್ಲಾ, ರೊಟ್ಟಿ ಸುಟ್ಟು ಹೋತು!" ಅಂತ ಹುಸೇನಬಿ ಕೂಗಿ, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಮನೆಯೆಲ್ಲ ಹೊಗೆ. ನೀಲಿ ಕೆಮ್ಮುತ್ತಲೇ ಬೈದಳು. ನನ್ನ ಮೂಗು, ನನ್ನ ಬುದ್ಧಿ, ನನ್ನ ಓದು, ಒಂದನ್ನೂ ಬಿಡಲಿಲ್ಲ. ಎಷ್ಟು ವರ್ಷದ ಬಾಕಿಯೋ ಏನೋ, ಒಂದೇ ಉಸಿರಿಗೆ ತೀರಿಸುವವಳ ಹಾಗೆ ಬೈದಳು. ನಾನೂ ಬಿಟ್ಟುಕೊಡಲಿಲ್ಲ. ಇಬ್ಬರ ಕಣ್ಣಲ್ಲೂ ನೀರು, ಹೊಗೆಯದೇ ಅಂತ ಇಬ್ಬರೂ ಅಂದುಕೊಂಡೆವು.

ಅಷ್ಟರಲ್ಲಿ ಹಿಟ್ಟಿನ ಡಬ್ಬಿಗೆ ಆನಿಸಿಟ್ಟಿದ್ದ ಅವಳ ಫೋನು ಬಡಿಯಿತು. ಸುಮಾ. ನೀಲಿ ಹಿಟ್ಟಿನ ಬೆರಳಿನಿಂದಲೇ ಒತ್ತಿ ಕಿವಿಗೆ ಹಿಡಿದಳು. ಸೊಸೆಯ ದನಿ ನನಗೂ ಕೇಳುತ್ತಿತ್ತು, ಹೆದರಿದ ದನಿ.

"ಅವ್ವಾ, ಅತ್ತಿ ಬಂದು ಮುಟ್ಟಿದ್ರೇನ?"

ನೀಲಿ ನನ್ನ ಕಡೆ ನೋಡಿದಳು. ನೆಲದ ಮೇಲೆ ಕೂತ ನನ್ನನ್ನು, ನನ್ನ ಮೈಮೇಲಿನ ಹಿಟ್ಟನ್ನು, ಬಹಳ ಹೊತ್ತು ನೋಡಿದಳು. ತಲೆಯ ಮೇಲಿನ ಸೆರಗು ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ.

"ಇಲ್ಲವ್ವ, ನಿಮ್ಮತ್ತಿ ಇನ್ನೂ ಬಂದಿಲ್ಲ" ಅಂದಳು. "ಗಿರ್ಜಿ ಬಂದಾಳ. ನಮ್ಮದು ಜಗಳಾ ನಡದೈತಿ. ಸಂಜಿಗಿ ಮಾಡು."